ಮಕ್ಕಳ ಕಾಲೇಜಿಗೆ ಹೆತ್ತವರು ಎಲ್ಲಿವರೆಗೆ ಹೋಗಬೇಕು: ಹೊಲವೋ, ಒಡವೆಯೋ, ಸಾಲವೋ?

ಪಿ.ಬಿ. ರಸ್ತೆ:
ಸಿಇಟಿ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳ ಪಟ್ಟಿ ಹಾಕೋದು) ಹತ್ತಿರ ಬಂದ್ರೆ ಸಾಕು, ದಾವಣಗೆರೆ ಸುತ್ತಮುತ್ತ ಎರಡೇ ಮಾತು. ‘ಹೊಲ ಮಾರಿಯಾದ್ರೂ ಓದಿಸ್ತೀನಿ’ ಅನ್ನೋರು ಒಂದು ಕಡೆ, ‘ಓದೋನು ಎಲ್ಲಿದ್ರೂ ಓದ್ತಾನೆ’ ಅನ್ನೋರು ಇನ್ನೊಂದು ಕಡೆ. ಎರಡರಲ್ಲೂ ಲೆಕ್ಕ ಇಲ್ಲ. ಬ್ಯಾಂಕು, ಸಿಇಟಿ, ಕಂದಾಯದ ಕೆಲಸ ಬಲ್ಲವರು ಈ ಚರ್ಚಾ ಗುಂಪಲ್ಲಿ ಇದ್ದೀರಿ. ಒಂದು ಮಾದರಿ ಮನೆ ಇಟ್ಟುಕೊಂಡು ಮಾತಾಡೋಣ.

ಮಾಯಕೊಂಡದ ಕಡೆ ಮೂರು ಎಕರೆ ಖುಷ್ಕಿ, ಮೆಕ್ಕೆಜೋಳ. ಎಕರೆಗೆ 20 ಕ್ವಿಂಟಲ್ ಹಿಡಿದು, ಕ್ವಿಂಟಲ್‌ಗೆ 2,000 ಸಿಕ್ಕರೆ 1.2 ಲಕ್ಷ. ಬೀಜ, ಗೊಬ್ಬರ, ಆಳು, ಒಕ್ಕಣೆ ಕಳೆದರೆ ಕೈಗೆ 55–60 ಸಾವಿರ. ಎರಡು ಎಮ್ಮೆ, ಡೇರಿಗೆ ಹಾಲು, ಬಿಡುವಿದ್ದಾಗ ಕೂಲಿ. ಎಲ್ಲ ಸೇರಿ ವರ್ಷಕ್ಕೆ ಎರಡೂವರೆ ಲಕ್ಷ. ಅಪ್ಪನಿಗೆ 48 ವರ್ಷ. ಮಗ ಪಿಯುಸಿ ಸೈನ್ಸ್ ಮುಗಿಸಿದಾನೆ, ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದಾಳೆ. ಮಗನ ಮುಂದೆ ಮೂರು ದಾರಿ. ಸರ್ಕಾರಿ ಎಂಜಿನಿಯರಿಂಗ್ ಸೀಟು, ವರ್ಷಕ್ಕೆ 40 ಸಾವಿರದ ಆಸುಪಾಸು. ಊರಿನ ಖಾಸಗಿ ಕಾಲೇಜಲ್ಲಿ ಸಿಇಟಿ ಸೀಟು, ಒಂದು ಲಕ್ಷದ ಆಸುಪಾಸು. ಇಲ್ಲಾಂದ್ರೆ ಬೆಂಗಳೂರಲ್ಲಿ ಮ್ಯಾನೇಜ್‌ಮೆಂಟ್ ಸೀಟು, ಬ್ರಾಂಚ್ ನೋಡಿಕೊಂಡು 3 ಲಕ್ಷದಿಂದ ಮೇಲಕ್ಕೆ. ಈ ಮನೆ ಎಲ್ಲಿ ಗೆರೆ ಎಳೆಯಬೇಕು?

ಲೆಡ್ಜರ್:
ಎಷ್ಟು ದುಡ್ಡು ಅನ್ನೋದಕ್ಕಿಂತ ಮುಂಚೆ, ಯಾವ ದುಡ್ಡು ಅಂತ ಕೇಳಿ. ಕಳೆದರೆ ಮತ್ತೆ ಬರೋ ದುಡ್ಡು ಇದೆ, ಬರದೇ ಇರೋ ದುಡ್ಡು ಇದೆ. ಸಂಪಾದನೆಯಲ್ಲಿ ಉಳಿಸಿ ಕಟ್ಟೋದು, ಒಡವೆ ಅಡ ಇಟ್ಟು ಬಿಡಿಸೋದು, ಶಿಕ್ಷಣ ಸಾಲ ತೀರಿಸೋದು ಮೊದಲನೇ ಜಾತಿ. ಹೊಲ ಮಾರೋದು, ಪಿಎಫ್ ಖಾಲಿ ಮಾಡೋದು, ಇರೋ ಮನೆ ಮೇಲೆ ಬಡ್ಡಿಯವರ ಹತ್ತಿರ ಬರೆದುಕೊಡೋದು ಎರಡನೇ ಜಾತಿ. 48ರ ಅಪ್ಪ ಎರಡನೇದಕ್ಕೆ ಕೈ ಹಾಕಬಾರದು ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಆ ವಯಸ್ಸಿಗೆ ಅಟಲ್ ಪಿಂಚಣಿಯೂ ಸಿಗಲ್ಲ, ರೈತರ ಮಾನ್‌ಧನ್ ಪಿಂಚಣಿಯೂ ಸಿಗಲ್ಲ. ಎರಡಕ್ಕೂ ಸೇರೋ ವಯಸ್ಸು 40ಕ್ಕೇ ಮುಗೀತು. ಸಂಧ್ಯಾ ಸುರಕ್ಷಾ ಬರೋದು 65 ದಾಟಿದ ಮೇಲೆ, ಅದೂ ತಿಂಗಳಿಗೆ 1,200. ಆ ಮೂರು ಎಕರೆ ಬಿಟ್ಟರೆ ಅವರಿಗೆ ಬೇರೆ ಪಿಂಚಣಿ ಇಲ್ಲ.

ಈಗ ಸಾಲದ ಲೆಕ್ಕ. ಊರಿನ ಕಾಲೇಜಿಗೆ ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ. ಇಷ್ಟಕ್ಕೆ ಆಸ್ತಿ ಅಡಮಾನ ಬೇಡ, ಕೈಯಿಂದ ಮಾರ್ಜಿನ್ ಹಾಕೋದೂ ಬೇಡ. ಅಪ್ಪನೋ ಅಮ್ಮನೋ ಸಹ-ಸಾಲಗಾರರಾಗಿ ಸಹಿ ಹಾಕಿದ್ರೆ ಸಾಕು. ಬಡ್ಡಿ ಶೇ 10 ಅಂತ ಹಿಡಿಯಿರಿ. ಓದೋ ಅವಧಿ ಮತ್ತು ಆಮೇಲಿನ ಒಂದು ವರ್ಷ ಕಂತು ಇರಲ್ಲ. ಆದ್ರೆ ಬಡ್ಡಿ ಓಡ್ತಾ ಇರುತ್ತೆ. ಮೊದಲ ಲಕ್ಷಕ್ಕೆ ಐದು ವರ್ಷಕ್ಕೆ 50 ಸಾವಿರ, ಎರಡನೇದಕ್ಕೆ 40, ಮೂರನೇದಕ್ಕೆ 30, ಕೊನೇದಕ್ಕೆ 20. ಒಟ್ಟು 1.4 ಲಕ್ಷ. ಕಂತು ಶುರುವಾಗೋ ದಿನ ಸಾಲ 5.4 ಲಕ್ಷ ಆಗಿರುತ್ತೆ. ಏಳು ವರ್ಷಕ್ಕೆ ತಿಂಗಳ ಕಂತು ಸುಮಾರು 8,960. ಹತ್ತು ವರ್ಷಕ್ಕಾದ್ರೆ 7,140.

ಈ 1.4 ಲಕ್ಷವನ್ನು ಕೇಂದ್ರ ಸರ್ಕಾರವೇ ಕಟ್ಟೋ ಯೋಜನೆ ಇದೆ, ಸಿಎಸ್‌ಐಎಸ್ ಅಂತ. ಮನೆ ಆದಾಯ 4.5 ಲಕ್ಷದೊಳಗೆ ಇರಬೇಕು, ವೃತ್ತಿಪರ ಕೋರ್ಸ್ ಆಗಿರಬೇಕು, ಕಾಲೇಜಿಗೆ ನ್ಯಾಕ್ ಅಥವಾ ಆ ಬ್ರಾಂಚಿಗೆ ಎನ್‌ಬಿಎ ಮಾನ್ಯತೆ ಇರಬೇಕು. ಆಗ ಕಂತು 4 ಲಕ್ಷಕ್ಕೇ ಶುರು, ಏಳು ವರ್ಷಕ್ಕೆ 6,640. ಇದು ತಪ್ಪಿಹೋಗೋದು ಎಲ್ಲಿ ಅಂದ್ರೆ, ಸಾಲ ಮಂಜೂರಾದ ಖುಷಿಯಲ್ಲಿ ಆದಾಯ ಪ್ರಮಾಣಪತ್ರ ಶಾಖೆಗೆ ಕೊಡೋದೇ ಮರೀತಾರೆ. ಬ್ಯಾಂಕು ಪೋರ್ಟಲ್‌ನಲ್ಲಿ ಕ್ಲೇಮ್ ಹಾಕದಿದ್ರೆ ದುಡ್ಡು ಬರಲ್ಲ. ಪ್ರತಿ ವರ್ಷ ಶಾಖೆಗೆ ಹೋಗಿ ‘ಸಬ್ಸಿಡಿ ಕ್ಲೇಮ್ ಹಾಕಿದ್ರಾ’ ಅಂತ ಕೇಳಿ, ಸ್ಟೇಟ್‌ಮೆಂಟ್ ತಗೊಳ್ಳಿ. ಹುಡುಗ ಅರ್ಧಕ್ಕೆ ಕಾಲೇಜು ಬಿಟ್ಟರೆ ಸಬ್ಸಿಡಿಯೂ ಹೋಗುತ್ತೆ.

ಚಳ್ಳಕೆರೆ ಶೇಂಗಾ:
ಲೆಡ್ಜರ್ ಅಣ್ಣ, ಲೆಕ್ಕ ಚೆನ್ನಾಗೈತೆ. ಆದ್ರೆ ಮಗ ಕೆಲ್ಸಕ್ಕೆ ಸೇರೋ ದಿನಾನೇ ತಲೆ ಮೇಲೆ ಐದು ಲಕ್ಷ ಹೊತ್ಕಂಡು ಹೋಗ್ಬೇಕಾ? ಹೊಲದ ಲೆಕ್ಕ ನೀವೇ ಹಾಕಿ ನೋಡ್ರಿ. ಖುಷ್ಕಿ ಎಕರೆ ಮೆಕ್ಕೆಜೋಳದಾಗೆ ಉಳಿಯೋದು ವರ್ಷಕ್ಕೆ 18–20 ಸಾವಿರ. ರಸ್ತೆ ಪಕ್ಕದ ಎಕರೆ 10 ಲಕ್ಷಕ್ಕೆ ಹೋಗ್ತೈತೆ ಅಂದ್ರೆ ಅದರ ದುಡಿಮೆ ನೂರಕ್ಕೆ ಎರಡು. ಸಾಲಕ್ಕೆ ಕಟ್ಟೋದು ನೂರಕ್ಕೆ ಹತ್ತು. ಎರಡು ದುಡಿಯೋದನ್ನ ಇಟ್ಕಂಡು ಹತ್ತು ಕಟ್ಟೋದು ಯಾವ ಬುದ್ಧಿವಂತಿಕೆ? ಒಂದೆಕರೆ ಮಾರಿ, ನಾಲ್ಕು ಲಕ್ಷ ಫೀಜು ಕಟ್ಟಿ, ಉಳಿದಿದ್ದನ್ನ ಎಫ್‌ಡಿ ಇಟ್ರೆ ಎಕರೆ ಕೊಡೋ ಫಸಲಿಗಿಂತ ಜಾಸ್ತಿ ಬಡ್ಡಿ ಬರ್ತೈತೆ. ಹೊಲ ಅಂದ್ರೆ ತಾಯಿ ಅನ್ನೋದೆಲ್ಲಾ ಸರಿ. ಅಪ್ಪನಿಗೆ ಬೆನ್ನು ನೋವು ಬಂದ ಮೇಲೆ ಆ ತಾಯಿನ ಉಳೋರು ಯಾರು?

ಲೆಡ್ಜರ್:
ನೀವು ಹೇಳೋ ಲೆಕ್ಕ ತಪ್ಪಲ್ಲ. ಆದ್ರೆ ಎರಡು ಕಡೆ ಸೋರುತ್ತೆ. ಒಂದು, ಉಳಿದ ಆರು ಲಕ್ಷ ಎಫ್‌ಡಿಯಲ್ಲಿ ಉಳಿಯಲ್ಲ. ಕೈಯಲ್ಲಿ ರೊಕ್ಕ ಇದೆ ಅಂತ ಗೊತ್ತಾದ ಮನೆಗೆ ಮದುವೆ, ಬೋರು, ಟ್ರ್ಯಾಕ್ಟರ್ ಎಲ್ಲಾ ಒಟ್ಟಿಗೇ ಬರುತ್ತೆ. ಎರಡು, ಫೀ ಕಟ್ಟೋ ಗಡುವಿನೊಳಗೆ ಮಾರೋನಿಗೆ ಹತ್ತು ಲಕ್ಷದ ಎಕರೆಗೆ ಏಳು ಲಕ್ಷ ಕೇಳ್ತಾರೆ. ಕೊಳ್ಳೋನಿಗೂ ನಿಮ್ಮ ಗಡುವು ಗೊತ್ತಿರುತ್ತೆ.

ಪಹಣಿ ಪತ್ರ:
ಕಾಗದದ ಕಡೆಯಿಂದ ಒಂದು ಮಾತು ಸೇರಿಸ್ತೀನಿ, ಯಜಮಾನ್ರೇ. ‘ಒಂದೆಕರೆ ಮಾರ್ತೀನಿ’ ಅಂತ ಹೇಳಿದಷ್ಟು ಸಲೀಸಾಗಿ ಮಾರಾಟ ಆಗಲ್ಲ.

ಪಿತ್ರಾರ್ಜಿತ ಆಸ್ತಿಯಾದ್ರೆ ಅದರಲ್ಲಿ ಮಗನಿಗಿದ್ದಷ್ಟೇ ಹಕ್ಕು ಮಗಳಿಗೂ ಇದೆ, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಆದಾಗಿಂದ. ಮಗನ ಫೀಜಿಗೆ ಹೊಲ ಮಾರಿದ್ರೆ ಅದರಲ್ಲಿ ಎಸ್ಸೆಸ್ಸೆಲ್ಸಿ ಹುಡುಗಿಯ ಪಾಲೂ ಹೋಗುತ್ತೆ. ತಿಳಿದ ಖರೀದಿದಾರ ಅತ್ತೆ, ಚಿಕ್ಕಪ್ಪ, ಮಗಳು ಎಲ್ಲರ ಸಹಿ ಕೇಳ್ತಾನೆ. ಮಂಜೂರಾದ ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರದ್ದಾಗಿದ್ರೆ, 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರೋ ಹಾಗೇ ಇಲ್ಲ. ಅನುಮತಿ ಇಲ್ಲದೆ ಆದ ನೋಂದಣಿ ಆಮೇಲೆ ರದ್ದಾಗುತ್ತೆ, ಕೊಂಡವನು ದುಡ್ಡು ವಾಪಸ್ ಕೊಡಿ ಅಂತ ಮನೆ ಬಾಗಿಲಿಗೆ ಬರ್ತಾನೆ.

ಇದಕ್ಕಿಂತ ಸಾಮಾನ್ಯವಾದ ತೊಡಕು ಪೌತಿ ಖಾತೆ. ಪಹಣಿಯ 9ನೇ ಕಾಲಂನಲ್ಲಿ ಇನ್ನೂ ತೀರಿಕೊಂಡ ಅಜ್ಜನ ಹೆಸರೇ ಇರುತ್ತೆ. ಅಲ್ಲಿಗೆ ಮಾರಾಟವೂ ಇಲ್ಲ, ಬೆಳೆ ಸಾಲವೂ ಇಲ್ಲ. ಜೊತೆಗೆ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ಅಪ್ಪನ ಎಫ್‌ಐಡಿಗೆ (ರೈತರ ಗುರುತಿನ ಸಂಖ್ಯೆ) ಸರ್ವೆ ನಂಬರ್ ಕೂಡಲ್ಲ. ಎಫ್‌ಐಡಿ ಸರಿ ಇಲ್ಲಾಂದ್ರೆ ರೈತರ ಮಕ್ಕಳ ಸ್ಕಾಲರ್‌ಶಿಪ್ಪಾದ ರೈತ ವಿದ್ಯಾನಿಧಿಯೂ ಇಲ್ಲ. ಮಗ ಪಿಯುಸಿ ಮೊದಲ ವರ್ಷದಲ್ಲಿದ್ದಾಗಲೇ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಅರ್ಜಿ ಹಾಕಿಬಿಡಿ.

ಆನಗೋಡು ಟೋಲ್:
ಹೊಲ ಮಾರೋದು ಬೇಡ, ಅಡಮಾನ ಇಟ್ಟು ದೊಡ್ಡ ಶಿಕ್ಷಣ ಸಾಲ ತಗೊಂಡ್ರೆ? ಬೆಂಗಳೂರು ಸೀಟಿಗೆ ಅದೇ ದಾರಿ ಅಂತಾರಲ್ಲ.

ಲೆಡ್ಜರ್:
ಸಾಮಾನ್ಯವಾಗಿ 7.5 ಲಕ್ಷದವರೆಗೆ ಕ್ರೆಡಿಟ್ ಗ್ಯಾರಂಟಿ ಅಡಿಯಲ್ಲಿ ಅಡಮಾನ ಇಲ್ಲದೆ ನಡೆಯುತ್ತೆ. ಅದಕ್ಕೆ ಮೇಲೆ ಆಸ್ತಿ ಕೇಳ್ತಾರೆ. ಕೃಷಿ ಜಮೀನು ತೋರಿಸಿದ್ರೆ ಮ್ಯಾನೇಜರ್ ತಲೆ ಆಡಿಸಲ್ಲ, ಕಾರಣ ಇದೆ. ಸಾಲ ಕೆಟ್ಟಾಗ ಕೋರ್ಟಿಗೆ ಹೋಗದೆ ಆಸ್ತಿ ವಶಕ್ಕೆ ತಗೊಳ್ಳೋ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯ ಆಗಲ್ಲ. ಅದಕ್ಕೇ ಅವರು ಮನೆ, ಸೈಟು, ಎಫ್‌ಡಿ ಕೇಳ್ತಾರೆ. ಹಳ್ಳಿ ಮನೆಗೆ ಪಂಚಾಯಿತಿ ಕೊಡೋ ಇ-ಸ್ವತ್ತಿನ ನಮೂನೆ 9 ಮತ್ತು 11 ಇಲ್ಲಾಂದ್ರೆ ಅದೂ ನಿಲ್ಲಲ್ಲ.

ಮ್ಯಾನೇಜ್‌ಮೆಂಟ್ ಸೀಟಿನ ಲೆಕ್ಕವನ್ನೂ ಹಾಕಿಬಿಡೋಣ. ಫೀಜು 3 ಲಕ್ಷದಂತೆ ನಾಲ್ಕು ವರ್ಷ, 12 ಲಕ್ಷ. ಅದೇ ಶೇ 10ರಂತೆ ಕಂತು ಶುರುವಾಗೋ ಹೊತ್ತಿಗೆ 16.2 ಲಕ್ಷ. ಹತ್ತು ವರ್ಷಕ್ಕೆ ಕಂತು 21,400. ಹೊಸಬರಿಗೆ ಸಿಗೋ ಮೂರು ಮೂರೂವರೆ ಲಕ್ಷದ ಪ್ಯಾಕೇಜಲ್ಲಿ ಕೈಗೆ ಬರೋದು ತಿಂಗಳಿಗೆ 23–25 ಸಾವಿರ. ಪಿಜಿ ಬಾಡಿಗೆ ಕೊಟ್ಟು ಕಂತು ಯಾರು ಕಟ್ತಾರೆ? ಅಪ್ಪನೇ. ಕಂತು ತಪ್ಪಿದ್ರೆ ಸಹ-ಸಾಲಗಾರನ ಸಿಬಿಲ್ ಅಂಕವೂ ಬೀಳುತ್ತೆ, ಮುಂದೆ ಮಗಳಿಗೆ ಸಾಲ ಕೇಳಕ್ಕೆ ಹೋದಾಗ ಅದೇ ಅಡ್ಡ ಬರುತ್ತೆ. ಮ್ಯಾನೇಜ್‌ಮೆಂಟ್ ಸೀಟಿಗೆ ಕೇಂದ್ರದ ಶಿಕ್ಷಣ ಸಾಲ ಯೋಜನೆ ಪಿಎಂ ವಿದ್ಯಾಲಕ್ಷ್ಮಿಯೂ ಇಲ್ಲ, ಅದು ಮೆರಿಟ್ ಮೇಲೆ, ಅದೂ ಪಟ್ಟಿಯಲ್ಲಿರೋ ಸಂಸ್ಥೆಗಳಿಗೆ ಸೇರಿದವರಿಗೆ ಮಾತ್ರ.

ನನ್ನ ಅಳತೆಗೋಲು ಇಷ್ಟೇ: ಮೊದಲ ಸಂಬಳದ ಕಾಲು ಭಾಗಕ್ಕಿಂತ ಕಂತು ಜಾಸ್ತಿ ಆಗೋ ಸಾಲ ಈ ಮನೆಗೆ ಬೇಡ. ಸಿಎಸ್‌ಐಎಸ್ ಸಿಕ್ಕಿ ಏಳು ವರ್ಷದ ಬದಲು ಹತ್ತು ವರ್ಷ ತಗೊಂಡ್ರೆ 4 ಲಕ್ಷದ ಕಂತು 5,300 ಆಗುತ್ತೆ, ಅದು ಈ ಅಳತೆಯೊಳಗೆ ಕೂರುತ್ತೆ.

ಏಳುಸುತ್ತಿನ ಕೋಟೆ:
ಚಿತ್ರದುರ್ಗದಿಂದ. ಬ್ಯಾಂಕಿನ ವಿಷಯ ಆಯ್ತು, ಫೀಜನ್ನೇ ಕಡಿಮೆ ಮಾಡೋ ಕೆಲಸ ಆಪ್ಷನ್ ಎಂಟ್ರಿಯಲ್ಲಿದೆ. ಅಪ್ಪ-ಅಮ್ಮ ಮಾಡೋ ತ್ಯಾಗದ ಅರ್ಧ ಪಾಲು ಅಲ್ಲಿ ಆಗೋ ಎಡವಟ್ಟಿಗೇ ಖರ್ಚಾಗುತ್ತೆ ಅಂದ್ರೂ ತಪ್ಪಿಲ್ಲ.

ಮೊದಲನೇದು, ಕೈಗೆಟುಕದ ಕಾಲೇಜು ಪಟ್ಟಿಯಲ್ಲೇ ಇರಬಾರದು. ‘ಸುಮ್ನೆ ಇರಲಿ’ ಅಂತ ಮೇಲೆ ಹಾಕಿದ ಬೆಂಗಳೂರು ಕಾಲೇಜೇ ಸಿಕ್ಕಿಬಿಟ್ಟರೆ, ಕೆಳಗಿದ್ದ ದಾವಣಗೆರೆ ಸೀಟು ಆ ಸುತ್ತಿನಲ್ಲಿ ನಿಮ್ಮದಲ್ಲ. ಅಣಕು ಹಂಚಿಕೆ ಬಂದಾಗ ಪಟ್ಟಿ ತಿದ್ದಕ್ಕೆ ಅವಕಾಶ ಇರುತ್ತೆ, ಅವತ್ತು ಅಪ್ಪ ಪಕ್ಕದಲ್ಲಿ ಕೂತಿರಬೇಕು. ಆಮೇಲೆ ಚಾಯ್ಸ್. ಒಂದು ಅಂದ್ರೆ ಸೀಟು ಒಪ್ಪಿ ಸೇರೋದು. ಎರಡು ಅಂದ್ರೆ ಇದನ್ನ ಹಿಡ್ಕೊಂಡೇ ಮುಂದಿನ ಸುತ್ತಿಗೆ ಹೋಗೋದು. ಮೂರು ಅಂದ್ರೆ ಇದನ್ನ ಬಿಟ್ಟು ಮುಂದಿನ ಸುತ್ತಿಗೆ. ನಾಲ್ಕು ಅಂದ್ರೆ ಪೂರ್ತಿ ಹೊರಗೆ. ಎರಡರಲ್ಲಿ ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್ ಸಿಕ್ಕರೆ ಹಳೇದು ತಾನಾಗೇ ರದ್ದು, ವಾಪಸ್ ಕೊಡಿ ಅಂದ್ರೆ ಕೊಡಲ್ಲ. ಮೂರನ್ನ ಒತ್ತಿ ಸರ್ಕಾರಿ ಸೀಟು ಕಳಕೊಂಡು, ಕೊನೆಗೆ ಮ್ಯಾನೇಜ್‌ಮೆಂಟ್ ಬಾಗಿಲಿಗೆ ಹೋಗೋ ಮನೆ ಪ್ರತಿ ವರ್ಷ ಇರುತ್ತೆ.

ಎರಡನೇದು, ಕಾಲೇಜಿನ ಹೆಸರು ನೋಡಿದ್ರೆ ಸಾಲದು, ಸೀಟಿನ ಬಗೆ ನೋಡಿ. 1951ರಲ್ಲಿ ಶುರುವಾದ ದಾವಣಗೆರೆಯ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಲ್ಲೇ ಕಡಿಮೆ ಶುಲ್ಕದ ಸೀಟು ಬೇರೆ, ಹೆಚ್ಚಿನ ಶುಲ್ಕದ ಪೇಮೆಂಟ್ ಸೀಟು ಬೇರೆ. ಅದರ ವಿರುದ್ಧ ವಿದ್ಯಾರ್ಥಿಗಳು ಬೀದಿಗೂ ಇಳಿದಿದ್ರು. ಆಪ್ಷನ್ ಹಾಕುವಾಗ ಪಕ್ಕದಲ್ಲಿ ಬರೋ ಶುಲ್ಕದ ಅಂಕಿ ಓದದೆ ಒತ್ತಬೇಡಿ.

ಮೂರನೇದು ಎಸ್‌ಎನ್‌ಕ್ಯೂ. ಪ್ರತಿ ಬ್ರಾಂಚಿಗೆ ಶೇ 5ರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಮಾಫಿ. ಮನೆ ಆದಾಯ 8 ಲಕ್ಷದೊಳಗಿದ್ರೆ ಆಯ್ತು. ಉಳಿದ ಶುಲ್ಕ ಕಟ್ಟಬೇಕು, ಆಮೇಲೆ ಬ್ರಾಂಚಾಗಲಿ ಕಾಲೇಜಾಗಲಿ ಬದಲಾಯಿಸೋಕೆ ಆಗಲ್ಲ. ಈ ಮಾದರಿ ಮನೆಗೆ ಹೇಳಿ ಮಾಡಿಸಿದ ಸೀಟು. ಕೇಳೋರೇ ಕಡಿಮೆ.

ಇನ್ನು ಗ್ರಾಮೀಣ ಮೀಸಲಾತಿ. ಒಂದರಿಂದ ಹತ್ತನೇ ತರಗತಿ ಪೂರ್ತಿ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು, ಬಿಇಒ ಮೇಲುರುಜು ಬೇಕು. ಎಂಟನೇ ಕ್ಲಾಸಿಗೆ ಒಂದೇ ವರ್ಷ ದಾವಣಗೆರೆ ಶಾಲೆಗೆ ಹಾಕಿದ್ರೂ ಹೋಯ್ತು. ಕನ್ನಡ ಮಾಧ್ಯಮದ್ದೂ ಹೀಗೇ, ಹತ್ತು ವರ್ಷ. ಹಳ್ಳಿ ಸರ್ಕಾರಿ ಶಾಲೆಯಲ್ಲಿ ಓದಿದವನಿಗೆ ಎರಡೂ ಕೂಡಿಬರುತ್ತೆ. ಇದರಿಂದ ಖಾಸಗಿ ಸೀಟಿನಿಂದ ಸರ್ಕಾರಿ ಸೀಟಿಗೆ ಜಿಗಿದ್ರೆ ನಾಲ್ಕು ವರ್ಷಕ್ಕೆ ಎರಡು ಲಕ್ಷದ ಮೇಲೆ ಉಳೀತು.

ಹರಿಹರ ಸೇತುವೆ:
ಕೋಟೆ ಸರ್, ಇದಕ್ಕೂ ಮುಂಚೆ ದುಡ್ಡು ಸುಡೋ ಜಾಗ ಒಂದಿದೆ. ಪಿಯುಸಿ. ದಾವಣಗೆರೆಯಲ್ಲಿ ಹಾಸ್ಟೆಲ್, ಕೋಚಿಂಗ್ ಸೇರಿಸಿದ ಪಿಯು ಕಾಲೇಜಿಗೆ ವರ್ಷಕ್ಕೆ ಒಂದೂವರೆ ಎರಡು ಲಕ್ಷ ಕಟ್ತಾರೆ. ಎರಡು ವರ್ಷಕ್ಕೆ ಮೂರು ನಾಲ್ಕು ಲಕ್ಷ. ಅಲ್ಲಿಗೆ ಎಂಜಿನಿಯರಿಂಗ್ ಫೀಜು ಮುಂಚೆಯೇ ಖರ್ಚಾಗಿಹೋಯ್ತು, ಅದೂ ಶಿಕ್ಷಣ ಸಾಲ ಸಿಗದ ಜಾಗದಲ್ಲಿ. ಅದಕ್ಕೇ ಪಿಯುಸಿ ಫೀಜು ಕೈಸಾಲದಲ್ಲೇ ಹೋಗೋದು.

ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂತ ಹಗುರಾಗಿ ಹೇಳ್ತಾರೆ. ಅದು ವರ್ಷಕ್ಕೆ ಶೇ 24. ನಾಲ್ಕು ಲಕ್ಷಕ್ಕೆ ತಿಂಗಳಿಗೆ 8,000 ಬಡ್ಡಿ, ಅಸಲು ಒಂದು ರೂಪಾಯಿ ಇಳಿಯಲ್ಲ. ಮೇಲೆ ಲೆಡ್ಜರ್ ಹೇಳಿದ 8,960ರಲ್ಲಿ ಏಳು ವರ್ಷಕ್ಕೆ ಸಾಲವೇ ಮುಗಿದುಹೋಗುತ್ತೆ. ಇಲ್ಲಿ ಏಳು ವರ್ಷಕ್ಕೆ 6.72 ಲಕ್ಷ ಬಡ್ಡಿ ಕಟ್ಟಿ, ನಾಲ್ಕು ಲಕ್ಷ ಹಾಗೇ ನಿಂತಿರುತ್ತೆ.

ಇನ್ನೊಂದು ಗೊತ್ತಿರಲಿ. ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಅರ್ಧ. ಅಂದ್ರೆ ಸರ್ಕಾರಿ ಪಿಯು ಕಾಲೇಜಲ್ಲಿ ಪಠ್ಯ ಗಟ್ಟಿ ಮಾಡಿಕೊಂಡವನು ಅರ್ಧ ದಾರಿ ಬಂದಂಗೆ. ನೀಟ್ ಹಂಗಲ್ಲ, ಅಲ್ಲಿ ಬೋರ್ಡ್ ಅಂಕ ಅರ್ಹತೆಗೆ ಮಾತ್ರ. ‘ಮೆಡಿಕಲ್ಲೋ ಎಂಜಿನಿಯರಿಂಗೋ ಆಮೇಲೆ ನೋಡೋಣ’ ಅಂತ ಎರಡಕ್ಕೂ ಕೋಚಿಂಗ್ ದುಡ್ಡು ಕಟ್ಟೋದು ಎರಡು ದೋಣಿ ಮೇಲೆ ಕಾಲಿಟ್ಟ ಹಾಗೆ.

ಚಳ್ಳಕೆರೆ ಶೇಂಗಾ:
ಮೆಡಿಕಲ್ ಮಾತು ಬಂತಲ್ಲ, ಕೇಳ್ತೀನಿ. ಅದಕ್ಕಾದ್ರೂ ಹೊಲ ಮಾರಬಹುದಾ? ಡಾಕ್ಟ್ರಾದ ಮೇಲೆ ದುಡಿಮೆ ಗ್ಯಾರಂಟಿ ಅಲ್ವಾ.

ಹರಿಹರ ಸೇತುವೆ:
ಸೀಟು ಯಾವುದು ಅನ್ನೋದರ ಮೇಲೆ. ಸರ್ಕಾರಿ ಮೆಡಿಕಲ್ ಕಾಲೇಜು ಸೀಟಾದ್ರೆ ಹೊಲ ಮಾರೋ ಮಾತೇ ಬರಲ್ಲ. ಚಿತ್ರದುರ್ಗದಲ್ಲೇ 2023ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ನಡೀತಿದೆ. ಖಾಸಗಿ ಕಾಲೇಜಲ್ಲಿ ಸರ್ಕಾರಿ ಕೋಟಾ ಸೀಟಾದ್ರೂ ಸಾಲದಲ್ಲಿ ದಾಟಬಹುದು. ಖಾಸಗಿ ಕೋಟಾ ಅಂದ್ರೆ ವರ್ಷಕ್ಕೆ ಹತ್ತು ಲಕ್ಷ ದಾಟುತ್ತೆ. ಮೂರೆಕರೆ ಖುಷ್ಕಿ ಪೂರ್ತಿ ಮಾರಿದ್ರೂ ಮೂರನೇ ವರ್ಷಕ್ಕೆ ನಿಲ್ಲುತ್ತೆ. ಅರ್ಧಕ್ಕೆ ನಿಂತ ಎಂಬಿಬಿಎಸ್‌ಗೆ ಬೆಲೆ ಸೊನ್ನೆ. ಇನ್ನು ದುಡಿಮೆ ವಿಷಯ. ಐದೂವರೆ ವರ್ಷದ ಎಂಬಿಬಿಎಸ್ ಆದ ಮೇಲೆ ಎಲ್ಲರೂ ಪಿಜಿ ಅಂತಾರೆ, ಇನ್ನೂ ಮೂರು ವರ್ಷ. 48ರ ಅಪ್ಪನಿಗೆ ಅಷ್ಟು ಹೊತ್ತಿಗೆ 57.

ನರ್ಸಿಂಗ್, ಬಿ.ಫಾರ್ಮಾ, ತೋಟಗಾರಿಕೆ ಕಡೆ ನೋಡಿದ್ರೆ ಹಿರಿಯೂರಿನ ಬಬ್ಬೂರು ಫಾರಂನಲ್ಲೇ ತೋಟಗಾರಿಕಾ ಕಾಲೇಜಿದೆ. ಕೃಷಿ ಸಂಬಂಧಿತ ಕೋರ್ಸಿಗೆ ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಪ್ರಾಯೋಗಿಕ ಪರೀಕ್ಷೆ ಬರೀಬೇಕು, ತಹಶೀಲ್ದಾರ್ ಕಡೆಯ ಕೃಷಿಕ ಪ್ರಮಾಣಪತ್ರ ಬೇಕು. ಹೊಲದಲ್ಲಿ ಬೆಳೆದ ಹುಡುಗನಿಗೆ ಬೀಜ, ಕಳೆ ಗುರುತಿಸೋಕೆ ಯಾವ ಕೋಚಿಂಗೂ ಬೇಡ.

ಅಮ್ಮನ ಪೆಟ್ಟಿಗೆ:
ಎಲ್ಲರೂ ಹೊಲ, ಬ್ಯಾಂಕು ಅಂತೀರಿ. ಮೊದಲು ಹೋಗೋದು ಅಮ್ಮನ ಬಂಗಾರ, ಆಮೇಲೆ ಮಗಳ ಓದು. ಇದನ್ನ ಯಾರೂ ತ್ಯಾಗದ ಲೆಕ್ಕಕ್ಕೇ ಹಿಡಿಯಲ್ಲ.

ಮಗಳದ್ದನ್ನ ಬಿಡಿಸಿ ಹೇಳ್ತೀನಿ. ಈಗ ಎಸ್ಸೆಸ್ಸೆಲ್ಸಿ ಮುಗಿಸಿದಾಳೆ ಅಂದ್ರೆ ಎರಡು ವರ್ಷಕ್ಕೆ ಸಿಇಟಿ ಬರೀತಾಳೆ. ಅಣ್ಣ ಆಗ ಮೂರನೇ ವರ್ಷಕ್ಕೆ ಕಾಲಿಡ್ತಾನೆ. ಎರಡು ವರ್ಷ ಪೂರ್ತಿ ಎರಡು ಫೀಜು ಒಟ್ಟಿಗೆ ಬೀಳುತ್ತೆ. ಮನೆಯಲ್ಲಿ ದೊಡ್ಡವನಿಗೆ ಮೊದಲ ವರ್ಷವೇ ಎಲ್ಲಾ ಸುರಿದ್ರೆ, ಅವಳ ಸರದಿಗೆ ‘ಡಿಗ್ರಿ ಸಾಕು ಬಿಡವ್ವಾ’ ಅಂತಾರೆ. ಅದಕ್ಕೇ ಮೊದಲ ದಿನವೇ ಹಾಳೆಯಲ್ಲಿ ಆರು ವರ್ಷದ ಲೆಕ್ಕ ಬರೀರಿ. ಎರಡು ಸಾಲು, ಒಂದು ಅವನದು, ಒಂದು ಅವಳದು. ಅವನಿಗೆ ವರ್ಷಕ್ಕೆ ಎಷ್ಟು ಬರೆದ್ರೋ ಅವಳಿಗೂ ಅಷ್ಟೇ ಬರೆಯಕ್ಕೆ ಆಗದಿದ್ರೆ ಅವನ ಕಾಲೇಜು ಈ ಮನೆಗೆ ದುಬಾರಿ ಅಂತಲೇ ಅರ್ಥ.

ಅವಳ ಖರ್ಚು ಇಳಿಸೋ ದಾರಿಯೂ ಇವೆ. ಹಲವು ಬ್ಯಾಂಕುಗಳಲ್ಲಿ ಹೆಣ್ಣುಮಕ್ಕಳ ಶಿಕ್ಷಣ ಸಾಲಕ್ಕೆ ಶೇ 0.5 ಬಡ್ಡಿ ಕಡಿಮೆ. ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಚಿತ್ರದುರ್ಗದಿಂದಲೋ ಹರಿಹರದಿಂದಲೋ ದಾವಣಗೆರೆಗೆ ದಿನಾ ಓಡಾಡಿದ್ರೂ ಕಾಸಿಲ್ಲ. ಸುಕನ್ಯಾ ಖಾತೆ ಇದ್ರೆ ಹತ್ತನೇ ತರಗತಿ ಪಾಸಾದ ಮೇಲೆ ಅಥವಾ 18 ತುಂಬಿದ ಮೇಲೆ ಓದಿಗೆ ಅರ್ಧದವರೆಗೆ ತೆಗೀಬಹುದು. ಆ ಖಾತೆಯನ್ನ ಅಣ್ಣನ ಫೀಜಿಗೆ ಮುಟ್ಟಬೇಡಿ.

ಬಂಗಾರ ಅಡ ಇಡೋದಾದ್ರೆ ಬ್ಯಾಂಕಲ್ಲೇ ಇಡಿ. ಫೈನಾನ್ಸ್ ಕಂಪನಿಯಲ್ಲಿ ನಿಮಿಷದಲ್ಲಿ ದುಡ್ಡು ಕೊಡ್ತಾರೆ, ಆದ್ರೆ ಬಡ್ಡಿ ಹೆಚ್ಚು, ತಿಂಗಳು ತಪ್ಪಿದ್ರೆ ದರ ಏರೋ ಸ್ಕೀಮುಗಳೂ ಇರುತ್ತೆ. ಒಂದೇ ಸಲ ಕಟ್ಟೋ ಸಾಲಕ್ಕೆ ಅವಧಿ ಹನ್ನೆರಡು ತಿಂಗಳು. ಅಷ್ಟರೊಳಗೆ ಬಡ್ಡಿಯಾದ್ರೂ ಕಟ್ಟಿ ನವೀಕರಿಸದಿದ್ರೆ ನೋಟಿಸು, ಆಮೇಲೆ ಹರಾಜು. ನಾಲ್ಕು ವರ್ಷದ ಫೀಜಿಗೆ ಒಂದು ವರ್ಷದ ಸಾಲ ಹೊಂದಲ್ಲ. ಅಡಚಣೆ ದಾಟೋಕೆ ಮಾತ್ರ ಬಂಗಾರ.

ಆನಗೋಡು ಟೋಲ್:
ಸೊಸೈಟಿಯಲ್ಲಿ ಬಡ್ಡಿಯಿಲ್ಲದ ಬೆಳೆ ಸಾಲ ಸಿಗುತ್ತಲ್ಲಾ ಅಕ್ಕಾ, ಅದನ್ನ ಫೀಜಿಗೆ ಹಾಕಿದ್ರೆ ಬಂಗಾರ ಉಳಿಯುತ್ತೆ.

ಪಹಣಿ ಪತ್ರ:
ಅದನ್ನ ಮುಟ್ಟಬೇಡಿ. ಬಡ್ಡಿ ಸೊನ್ನೆ ಅನ್ನೋದು ಗಡುವಿನೊಳಗೆ ಪೂರ್ತಿ ಕಟ್ಟಿದವರಿಗೆ ಮಾತ್ರ. ಬೆಳೆ ಸಾಲ ಫೀಜಿಗೆ ಹೋದ್ರೆ ಗೊಬ್ಬರ ಅಂಗಡಿಯಲ್ಲಿ ಉದ್ರಿ ಹೇಳಬೇಕು. ಉದ್ರಿ ಕೊಟ್ಟವನಿಗೇ ಮೆಕ್ಕೆಜೋಳ ಹಾಕಬೇಕು, ಅವನು ಹೇಳಿದ ದರಕ್ಕೆ. ಕ್ವಿಂಟಲ್‌ಗೆ 150 ಕಡಿಮೆ ಹಿಡಿದ್ರೂ 60 ಕ್ವಿಂಟಲ್‌ಗೆ 9,000 ಹೋಯ್ತು. ಗಡುವು ತಪ್ಪಿ ಸುಸ್ತಿದಾರ ಆದ್ರೆ ಬಡ್ಡಿಯೂ ಬೀಳುತ್ತೆ, ಮುಂದಿನ ಸಲ ಸಾಲವೂ ಇಲ್ಲ, ಪಹಣಿಯ 11ನೇ ಕಾಲಂನಲ್ಲಿ ಋಣ ಹಾಗೇ ಕೂತಿರುತ್ತೆ.

ಜವಳಿ ಗಿರಣಿ:
ಸಂಬಳದವರ ಮನೆಗೂ ಒಂದು ಮಾತು. ಪಿಎಫ್ ತೆಗೆದು ಫೀಜು ಕಟ್ಟೋರು ಬಹಳ. ಪಿಎಫ್‌ಗೆ ಶೇ 8.25 ಬಡ್ಡಿ ಬರ್ತಿದೆ, ಶಿಕ್ಷಣ ಸಾಲ ಶೇ 10. ವ್ಯತ್ಯಾಸ ಎರಡಕ್ಕೂ ಕಡಿಮೆ. ಇಷ್ಟು ಉಳಿಸೋಕೆ 58ರ ಮೇಲಿನ ಗಂಟು ಕರಗಿಸೋದು ನನಗಂತೂ ಸರಿ ಕಾಣಲ್ಲ, ಯಾಕಂದ್ರೆ ಪಿಎಫ್ ಪಿಂಚಣಿಯ ಕನಿಷ್ಠ ಮೊತ್ತ ಇವತ್ತಿಗೂ ತಿಂಗಳಿಗೆ 1,000 ರೂಪಾಯಿ. ಹಳೇ ತೆರಿಗೆ ಪದ್ಧತಿಯಲ್ಲಿರೋರಿಗೆ ಶಿಕ್ಷಣ ಸಾಲದ ಬಡ್ಡಿಯನ್ನ ಪೂರ್ತಿ ತೆರಿಗೆಯ ಆದಾಯದಿಂದ ಕಳೆಯಬಹುದು, ಎಂಟು ವರ್ಷದವರೆಗೆ. ಹೊಸ ಪದ್ಧತಿಯಲ್ಲಿ ಅದಿಲ್ಲ.

ಮತ್ತೆ ಡಿಪ್ಲೊಮಾ ದಾರಿ ಯಾರೂ ಎತ್ತಲಿಲ್ಲ. ಆ ಎಸ್ಸೆಸ್ಸೆಲ್ಸಿ ಮಗಳಿಗೆ ಟೆಕ್ನಿಕಲ್ ಕಡೆ ಒಲವಿದ್ರೆ ದಾವಣಗೆರೆಯ ಡಿಆರ್‌ಆರ್ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಫೀಜು ಕೆಲವೇ ಸಾವಿರ. ಮೂರು ವರ್ಷ ಮುಗಿಸಿ ಡಿಪ್ಲೊಮಾದವರ ಸಿಇಟಿಯಾದ ಡಿಸಿಇಟಿ ಬರೆದ್ರೆ ನೇರ ಎರಡನೇ ವರ್ಷದ ಬಿಇ. ಒಂದು ವರ್ಷದ ಎಂಜಿನಿಯರಿಂಗ್ ಫೀಜೂ ಉಳಿಯಿತು, ಪಿಯುಸಿ ಕೋಚಿಂಗ್ ದುಡ್ಡೂ ಉಳಿಯಿತು. ಒಟ್ಟು ಸಮಯ ಪಿಯುಸಿ ದಾರಿಯಷ್ಟೇ, ಆರು ವರ್ಷ. ಡಿಪ್ಲೊಮಾ ಆದ ಮೇಲೆ ಮನೆ ಪರಿಸ್ಥಿತಿ ನೋಡಿ ಕೆಲಸಕ್ಕೂ ಸೇರಬಹುದು. ಅಡ್ಡಿ ಒಂದೇ: ಬಿಇ ಎರಡನೇ ವರ್ಷದ ಗಣಿತಕ್ಕೆ ಡಿಪ್ಲೊಮಾ ಮಕ್ಕಳು ತಿಣುಕ್ತಾರೆ.

ಪಿ.ಬಿ. ರಸ್ತೆ:
ಕೇಳದೇ ಇದ್ದಿದ್ದೂ ಸಿಕ್ತು. ಈ ಮನೆಗೆ ಸ್ಕಾಲರ್‌ಶಿಪ್ ಎಷ್ಟು ಬರುತ್ತೆ, ಯಾಕೆ ಎಷ್ಟೋ ಜನರಿಗೆ ಬರಲ್ಲ, ಅದನ್ನೂ ಯಾರಾದ್ರೂ ಹೇಳಿ.

ಏಳುಸುತ್ತಿನ ಕೋಟೆ:
ರೈತ ವಿದ್ಯಾನಿಧಿ, ಬಿಇಗೆ ಹುಡುಗನಿಗೆ ವರ್ಷಕ್ಕೆ 10,000, ಹುಡುಗಿಗೆ 11,000. ಬಿಎ, ಬಿಎಸ್ಸಿ, ಬಿಕಾಂಗೆ 5,000 ಮತ್ತು 5,500. ಡಿಪ್ಲೊಮಾಕ್ಕೆ 2,500 ಮತ್ತು 3,000. ಹಿಂದುಳಿದ ವರ್ಗದವರಾಗಿ ಸರ್ಕಾರಿ ಹಾಸ್ಟೆಲ್ ಸಿಗದೇ ಹೊರಗೆ ಇದ್ರೆ ವಿದ್ಯಾಸಿರಿಯಲ್ಲಿ ಹತ್ತು ತಿಂಗಳು ಊಟ, ವಸತಿಗೆ ದುಡ್ಡು. ಶುಲ್ಕ ವಿನಾಯಿತಿ, ಶುಲ್ಕ ಮರುಪಾವತಿ ಬೇರೆ, ಅದರ ಆದಾಯ ಮಿತಿ ಪ್ರವರ್ಗಕ್ಕೊಂದು ಥರ. ಸಿಇಟಿ ಸೀಟಿನವರಿಗೆ ಸರ್ಕಾರದ ಅಭಿವೃದ್ಧಿ ನಿಗಮಗಳ ಅರಿವು ಸಾಲವೂ ಇದೆ, ಬಡ್ಡಿ ಶೇ 2. ಆದ್ರೆ ನಿಗಮದ ಸಾಲದ ದುಡ್ಡು ಫೀಜಿನ ಗಡುವಿಗೆ ಬರುತ್ತೆ ಅಂತ ನಂಬಿ ಕೂರಬೇಡಿ.

ಬರದೇ ಇರೋದಕ್ಕೆ ಕಾರಣ ಬಹುಪಾಲು ಸಣ್ಣವೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎಂ’ ಇನಿಶಿಯಲ್ ಹಿಂದೆ, ಆಧಾರಲ್ಲಿ ಮುಂದೆ. ಸ್ಕಾಲರ್‌ಶಿಪ್ ಅರ್ಜಿ ಹಾಕೋ ಎಸ್‌ಎಸ್‌ಪಿ ಪೋರ್ಟಲ್ ಅಲ್ಲೇ ನಿಲ್ಲಿಸುತ್ತೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಆಯಸ್ಸು, ಎಂಟನೇ ಕ್ಲಾಸಲ್ಲಿ ಮಾಡಿಸಿದ ಆ ಪತ್ರದ ಆರ್‌ಡಿ ನಂಬರ್ ಬಿಇ ಎರಡನೇ ವರ್ಷದಲ್ಲಿ ನಡೆಯಲ್ಲ. ಇನ್ನು ಖಾತೆ. ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆ’ ಅಂತಾರೆ, ಅದು ಕೆವೈಸಿ ಲಿಂಕು. ಸರ್ಕಾರದ ದುಡ್ಡು ಬರೋದು ಎನ್‌ಪಿಸಿಐ ಮ್ಯಾಪಿಂಗ್ (ಈ ಆಧಾರ್‌ಗೆ ಈ ಖಾತೆ ಅಂತ ಗುರುತಿಸೋದು) ಆದ ಖಾತೆಗೆ. ಹುಡುಗ ಯಾವಾಗಲೋ ಇನ್ನೊಂದು ಬ್ಯಾಂಕಲ್ಲಿ ಖಾತೆ ತೆಗೆದು ಮ್ಯಾಪಿಂಗ್ ಅಲ್ಲಿಗೆ ಹೋಗಿದ್ರೆ, ದುಡ್ಡೂ ಅಲ್ಲಿಗೇ ಹೋಗಿರುತ್ತೆ. ಡಿಬಿಟಿ ಕರ್ನಾಟಕ ಆ್ಯಪಲ್ಲಿ ಯಾವ ಬ್ಯಾಂಕಿಗೆ ಹೋಯ್ತು ಅಂತ ಕಾಣುತ್ತೆ, ಅರ್ಜಿ ಹಾಕೋಕೆ ಮುಂಚೆ ಅದನ್ನ ನೋಡಿ.

ಪಿ.ಬಿ. ರಸ್ತೆ:
ಕೊನೇ ಪ್ರಶ್ನೆ, ಲೆಡ್ಜರ್ ಅಣ್ಣ. ಸೀಟು ಸಿಕ್ಕ ಮೇಲೆ ಫೀಜು ಕಟ್ಟಕ್ಕೆ ಕೆಲವೇ ದಿನ ಕೊಡ್ತಾರೆ. ಶಿಕ್ಷಣ ಸಾಲ ಅಷ್ಟರಲ್ಲಿ ಆಗುತ್ತಾ? ಎಲ್ಲರೂ ಬಡ್ಡಿಯವರ ಹತ್ತಿರ ಓಡೋದು ಅಲ್ಲೇ.

ಲೆಡ್ಜರ್:
ಆಗಲ್ಲ. ವಾರಗಟ್ಟಲೆ ಹಿಡಿಯುತ್ತೆ ಅಂತಲೇ ಇಟ್ಟುಕೊಳ್ಳಿ. ಅದಕ್ಕೇ ಮೊದಲ ವರ್ಷದ ಫೀಜನ್ನ ಸಾಲದಿಂದ ಬೇರೆ ಇಟ್ಟು ಯೋಚನೆ ಮಾಡಿ. ಅಕ್ಕ ಹೇಳಿದ ಬಂಗಾರಕ್ಕೆ ಸರಿಯಾದ ಜಾಗ ಇದು.

ಸಿಇಟಿ ಫಲಿತಾಂಶ ಬಂದ ವಾರವೇ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ನೋಂದಣಿ ಮಾಡಿ. ಅಪ್ಪನ ಆಧಾರ್, ಪ್ಯಾನ್, ಆದಾಯ ಪ್ರಮಾಣಪತ್ರ, ಮಗನ ಹತ್ತು ಮತ್ತು ಪಿಯುಸಿ ಅಂಕಪಟ್ಟಿ, ರ‍್ಯಾಂಕ್ ಹಾಳೆ ಸಿದ್ಧ ಇಟ್ಟು, ಅಪ್ಪನ ಖಾತೆ ಇರೋ ಶಾಖೆಗೆ ಒಮ್ಮೆ ಹೋಗಿ ಮಾತಾಡಿ ಬನ್ನಿ. ಸೀಟು ಹಂಚಿಕೆ ಆದ ದಿನ ಅಮ್ಮನ ಒಡವೆ ಬ್ಯಾಂಕಲ್ಲಿ ಇಟ್ಟು, ಪರೀಕ್ಷಾ ಪ್ರಾಧಿಕಾರದ ಚಲನ್ ಕಟ್ಟಿ, ಕಾಲೇಜಿಗೆ ಸೇರಿ. ಅವತ್ತೇ ಕಾಲೇಜು ಕಚೇರಿಯಲ್ಲಿ ಎರಡು ಕಾಗದ ಕೇಳಿ: ಬೋನಫೈಡ್, ಮತ್ತು ನಾಲ್ಕೂ ವರ್ಷದ ಫೀಜಿನ ಅಂದಾಜುಪಟ್ಟಿ ಸೀಲು ಹಾಕಿಸಿ. ಆ ಪಟ್ಟಿಯಲ್ಲಿ ಇಲ್ಲದ ಖರ್ಚಿಗೆ ಬ್ಯಾಂಕು ಮುಂದೆ ದುಡ್ಡು ಬಿಡಲ್ಲ, ಹಾಗಾಗಿ ಹಾಸ್ಟೆಲ್, ಪುಸ್ತಕ, ಲ್ಯಾಪ್‌ಟಾಪ್ ಅದರಲ್ಲೇ ಬರಬೇಕು. ರಸೀದಿ ಇಲ್ಲದೆ ಕಾಲೇಜಲ್ಲಿ ಒಂದು ರೂಪಾಯಿಯನ್ನೂ ಕೊಡಬೇಡಿ. ಡೊನೇಷನ್ ತಗೊಳ್ಳೋದನ್ನ 1984ರಲ್ಲೇ ಕಾಯ್ದೆ ನಿಷೇಧಿಸಿದೆ, ಮತ್ತೆ ರಸೀದಿ ಇಲ್ಲದ ದುಡ್ಡಿಗೆ ಸಾಲವೂ ಇಲ್ಲ. ಮೂಲ ಅಂಕಪಟ್ಟಿ ಕಾಲೇಜಿನವರು ಪರಿಶೀಲಿಸಿ ವಾಪಸ್ ಕೊಡಬೇಕು, ಸಾಲದ ಕಡತಕ್ಕೆ ಅದನ್ನ ತೋರಿಸಬೇಕಾಗುತ್ತೆ.

ಕಟ್ಟಿಯಾದ ಮೊದಲ ವರ್ಷದ ಫೀಜನ್ನ ರಸೀದಿ ಮೇಲೆ ನಿಮ್ಮ ಖಾತೆಗೆ ಮರುಪಾವತಿ ಮಾಡೋ ಬ್ಯಾಂಕುಗಳಿವೆ, ಮಾಡದವೂ ಇವೆ. ಇದನ್ನ ಅರ್ಜಿ ಹಾಕುವಾಗಲೇ ಕೇಳಿ. ಮಾಡ್ತೀವಿ ಅಂದ್ರೆ ದುಡ್ಡು ಬಂದ ದಿನವೇ ಒಡವೆ ಬಿಡಿಸಿ. ಮಾಡಲ್ಲ ಅಂದ್ರೆ ಸಾಲ ಎರಡನೇ ವರ್ಷದಿಂದ ಶುರು, ಒಡವೆಯನ್ನ ಮೆಕ್ಕೆಜೋಳದ ದುಡ್ಡಲ್ಲಿ ಬಿಡಿಸಿ. ಎರಡನೇ ವರ್ಷದಿಂದ ಸಾಲದ ದುಡ್ಡು ಬ್ಯಾಂಕಿಂದ ನೇರ ಕಾಲೇಜಿಗೇ ಹೋಗುತ್ತೆ. ಆದ್ರೆ ಹಿಂದಿನ ಸೆಮಿಸ್ಟರ್ ಅಂಕಪಟ್ಟಿ ಶಾಖೆಗೆ ಮುಟ್ಟಿಸಿದ ಮೇಲೆ ಮಾತ್ರ. ಫಲಿತಾಂಶ ಬಂದ ದಿನವೇ ಪ್ರಿಂಟ್ ತೆಗೆದು ಕೊಟ್ಟುಬನ್ನಿ.